ಸ್ಮರಣಾರ್ಥ ನಾಣ್ಯದ ಬೆಲೆ ಅಂದಾಜು: ಲೋಹದ ಲೆಕ್ಕದಿಂದ ಶುರು

ಒಂದೇ ನಾಣ್ಯಕ್ಕೆ ಮೂರು ಬೆಲೆ: ಮುಖಬೆಲೆ, ಲೋಹದ ಬೆಲೆ, ಸಂಗ್ರಾಹಕರು ಕೊಡುವ ಬೆಲೆ. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. ಹಾಗಾಗಿ ಅದನ್ನೇ ಬಿಡಿಸಿ ಬರೆದಿದ್ದೇನೆ.

ಲೋಹದ ಬೆಲೆ

ಒಟ್ಟು ತೂಕವನ್ನು ಶುದ್ಧತೆಯಿಂದ ಗುಣಿಸಿದರೆ ಶುದ್ಧ ಲೋಹದ ತೂಕ ಸಿಗುತ್ತದೆ. 1983ರ ಅಮೆರಿಕದ ಒಲಿಂಪಿಕ್ ಬೆಳ್ಳಿ ಡಾಲರ್ ತೂಕ 26.73 ಗ್ರಾಂ, ಶುದ್ಧತೆ 0.900. ಗುಣಿಸಿದರೆ 24.057 ಗ್ರಾಂ ಬೆಳ್ಳಿ. ಅಂತರರಾಷ್ಟ್ರೀಯ ದರ ಇರುವುದು ಟ್ರಾಯ್ ಔನ್ಸ್‌ಗೆ, ಅಂದರೆ 31.1035 ಗ್ರಾಂಗೆ. ಭಾಗಿಸಿದರೆ 0.7734 ಔನ್ಸ್. ಅದನ್ನು ಅಂದಿನ ದರದಿಂದ ಗುಣಿಸಿದರೆ ಲೋಹದ ಬೆಲೆ. ಇಲ್ಲಿ 28.35 ಗ್ರಾಂನ ಸಾಮಾನ್ಯ ಔನ್ಸ್ ಬಳಸಿದರೆ 0.8486 ಬರುತ್ತದೆ, ಬೆಲೆ ಸುಮಾರು ಶೇ. 10ರಷ್ಟು ಉಬ್ಬುತ್ತದೆ. ದರ ಗ್ರಾಂ ಲೆಕ್ಕದಲ್ಲೇ ಸಿಕ್ಕಿದರೆ ಭಾಗಾಕಾರವೇ ಬೇಡ.

ಇನ್ನೊಂದು ಗೊಂದಲ: ಶುದ್ಧತೆಯಿಂದ ಎರಡು ಸಲ ಗುಣಿಸುವುದು. ದಕ್ಷಿಣ ಆಫ್ರಿಕಾದ ಚಿನ್ನದ ನಾಣ್ಯ ಕ್ರುಗರ್‌ರಾಂಡ್ ಸ್ಮರಣಾರ್ಥ ನಾಣ್ಯವಲ್ಲ, ಆದರೂ ಉದಾಹರಣೆಗೆ ಅದೇ ಸರಿ. ಅದರ ಮೇಲೆ ‘1 ಔನ್ಸ್ ಶುದ್ಧ ಚಿನ್ನ’ ಎಂದಿದೆ, ತಕ್ಕಡಿ ತೋರಿಸುವುದು 33.93 ಗ್ರಾಂ. 22 ಕ್ಯಾರೆಟ್ ಎಂದುಕೊಂಡು ಆ 1 ಔನ್ಸನ್ನು ಮತ್ತೆ 0.9167ರಿಂದ ಗುಣಿಸಿದರೆ ಇರುವ ಚಿನ್ನವನ್ನೇ ಕಳೆದಂತೆ. ಗುಣಿಸಬೇಕಾದದ್ದು 33.93 ಗ್ರಾಂ ಅನ್ನು. ನಾಣ್ಯದ ಮೇಲೆ ಬರೆದ ತೂಕ ಶುದ್ಧ ಲೋಹದ್ದೋ ಒಟ್ಟು ತೂಕವೋ ಎಂದು ಮೊದಲು ತಕ್ಕಡಿಯಲ್ಲಿಟ್ಟು ನೋಡಿ.

ಎಷ್ಟು ಟಂಕಿಸಿದ್ದಾರೆ

ತಾಮ್ರ-ನಿಕಲ್ ನಾಣ್ಯದಲ್ಲಿ ಲೋಹದ ಬೆಲೆ ಲೆಕ್ಕಕ್ಕೇ ಬಾರದು, ಸಂಖ್ಯೆ ಮುಖ್ಯ. ಬ್ರಿಟನ್ನಿನ 1965ರ ಚರ್ಚಿಲ್ ಕ್ರೌನ್ ನಾಣ್ಯ 1.9 ಕೋಟಿಗೂ ಹೆಚ್ಚು ಹೊರಬಂತು. ಹಳೆಯದಾದರೂ ಅಗ್ಗ. 2009ರ ಕ್ಯೂ ಗಾರ್ಡನ್ಸ್ (ಲಂಡನ್ನಿನ ಸಸ್ಯೋದ್ಯಾನ) 50 ಪೆನ್ನಿ ಚಲಾವಣೆಗೆ ಬಂದದ್ದು 2,10,000 ಮಾತ್ರ, ಅದಕ್ಕೇ ಬೇಡಿಕೆ. ಇದೇ ವಿನ್ಯಾಸವನ್ನು 2019ರಲ್ಲಿ ಸಂಗ್ರಾಹಕರಿಗಾಗಿ ಮತ್ತೆ ಟಂಕಿಸಿದರು. ಗೋಪುರವಿರುವ ಬದಿಯಲ್ಲಿ ‘1759’, ‘2009’ ಎಂದು ಇದ್ದೇ ಇರುತ್ತದೆ, ನೋಡಬೇಕಾದದ್ದು ರಾಣಿಯ ಬದಿಯ ಇಸವಿ.

ಸ್ಥಿತಿ

ಪ್ರೂಫ್ ಎಂಬುದು ಹೊಳಪು ಕೊಟ್ಟ ಅಚ್ಚಿನಿಂದ ವಿಶೇಷವಾಗಿ ಟಂಕಿಸುವ ವಿಧಾನ, ದರ್ಜೆಯಲ್ಲ. ಗೀರು ಬಿದ್ದ ಪ್ರೂಫ್ ಕೂಡ ಪ್ರೂಫೇ, ಬೆಲೆ ಮಾತ್ರ ಇಳಿಯುತ್ತದೆ. ದರ್ಜೆಗೆ ಶೆಲ್ಡನ್ ಮಾಪಕ, 1ರಿಂದ 70. ಬಳಸದ ನಾಣ್ಯ 60ರಿಂದ ಶುರು. ದಯವಿಟ್ಟು ಉಜ್ಜಬೇಡಿ: ಬಟ್ಟೆಯಿಂದ ಒರೆಸಿದರೂ ಕೂದಲೆಳೆಯಂಥ ಗೀರು ಉಳಿಯುತ್ತದೆ. ಪಿವಿಸಿ ಲಕೋಟೆಯಲ್ಲಿಟ್ಟರೆ ಹಸಿರು ಅಂಟು ಹತ್ತುತ್ತದೆ.

ಕೊನೆಯ ಅಂಕಿ

ಮಾರುವವರು ಕೇಳಿದ ಬೆಲೆ ಬೇಡ, ಮಾರಾಟವಾದ ಬೆಲೆ ಹುಡುಕಿ. ಇಸವಿ, ಟಂಕಸಾಲೆ ಗುರುತು, ಪ್ರೂಫ್ ಹೌದೋ ಅಲ್ಲವೋ, ದರ್ಜೆ, ಮೂಲ ಪೆಟ್ಟಿಗೆ ಮತ್ತು ಪ್ರಮಾಣಪತ್ರ ಎಲ್ಲವೂ ಹೊಂದುವ ಕೆಲವು ಮಾರಾಟಗಳ ನಡುವಿನ ಬೆಲೆ ಹಿಡಿಯಿರಿ. ಅದರಲ್ಲಿ ಹರಾಜಿನ ಶುಲ್ಕ ಕಳೆದರೆ ಉಳಿಯುವುದು ಕೈಗೆ ಬರುವ ಹಣ.