ಅಜ್ಜನ ಜಾವಾಗೆ ಬೋಲ್ಟು ಎಲ್ಲಿ ಸಿಗುತ್ತೆ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ತೋಟ. ಅಜ್ಜನ 1968ರ ಜಾವಾ, ದೊಡ್ಡಪ್ಪನ ಹಳೇ ಬುಲೆಟ್ ಎರಡೂ ಶೆಡ್ಡಿನಲ್ಲಿವೆ. ಮೊದಲು ಜಾವಾ ರೆಡಿ ಮಾಡಲು ಹೊರಟಿದ್ದೇನೆ. ಅರ್ಧ ಬೋಲ್ಟು ತುಕ್ಕು ಹಿಡಿದು ಮುರಿದವು. ಉಳಿದವು ಎರಡೂ ಬೈಕಿನವು ಒಂದೇ ಬಿಸ್ಕತ್ ಡಬ್ಬಿಯಲ್ಲಿ ಬೆರೆತುಹೋಗಿವೆ. ಹೊಸದು ಎಲ್ಲಿ ಸಿಗುತ್ತದೆ? ನಮ್ಮ ಮಳೆಗೆ ಎಲ್ಲವನ್ನೂ ಸ್ಟೇನ್‌ಲೆಸ್ ಹಾಕಿಬಿಡಲಾ?

ಉತ್ತರ: ಅಂಗಡಿ ಆಮೇಲೆ, ಮೊದಲು ಆ ಡಬ್ಬಿ ಸುರಿಯಿರಿ. ಮುರಿದ ತುಂಡುಗಳನ್ನೂ ಎಸೆಯಬೇಡಿ.

ನಿಮ್ಮ ಎರಡು ಬೈಕು ಎರಡು ಬೇರೆ ಲೆಕ್ಕದವು. ಜಾವಾ ಮೈಸೂರಿನ ಯಾದವಗಿರಿಯಲ್ಲಿ ತಯಾರಾದರೂ ಡಿಸೈನು ಚೆಕೊಸ್ಲೊವಾಕಿಯಾದ್ದು, ಹಾಗಾಗಿ ಮಿಲಿಮೀಟರ್ ಲೆಕ್ಕ. 1973ರಲ್ಲಿ ಹೆಸರು ಯೆಜ್ಡಿ ಆದಮೇಲೂ ಅದೇ. ಬುಲೆಟ್ 1955ರಿಂದ ಮದ್ರಾಸಿನಲ್ಲಿ ಇಂಗ್ಲೆಂಡಿನ ಡ್ರಾಯಿಂಗ್ ಇಟ್ಟುಕೊಂಡು ಮಾಡಿದ ಗಾಡಿ. ಅದರದ್ದು ಇಂಚಿನ ಲೆಕ್ಕ. ಆಮೇಲಾಮೇಲೆ ಬಂದ ಬುಲೆಟ್ಟುಗಳಲ್ಲಿ ಮಿಲಿಮೀಟರೂ ಸೇರಿಕೊಂಡಿತು, ಅದು ಇನ್ನೊಂದು ತಲೆನೋವು.

ಎಡವಟ್ಟಾಗುವುದು ಎಂ8 ಬೋಲ್ಟಿನಲ್ಲಿ. ಅದರ ದಪ್ಪ 8 ಮಿ.ಮೀ. ಇಂಚಿನ ಲೆಕ್ಕದ 5/16 ಬೋಲ್ಟಿನದ್ದು 7.94. ಕಣ್ಣಿಗೆ ಎರಡೂ ಒಂದೇ. ಆದರೆ ಎಂ8ರಲ್ಲಿ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.25 ಮಿ.ಮೀ. ಇಂಗ್ಲಿಷ್ ಬಿಎಸ್‌ಎಫ್ 5/16ರಲ್ಲಿ ಇಂಚಿಗೆ 22 ಥ್ರೆಡ್, ಅಂದರೆ ಸುಮಾರು 1.15. (ಕೊಡಗಲ್ವಾ, ಬಿಎಸ್‌ಎಫ್ ಅಂದ ತಕ್ಷಣ ಯಾರ ಮನೆ ಹುಡುಗ ಸೇರಿದ ಅಂತ ಕೇಳುತ್ತಾರೆ. ಇದು ಗಡಿ ಕಾಯೋದಲ್ಲ, ಇಂಗ್ಲಿಷ್ ಸಣ್ಣ ಥ್ರೆಡ್ಡು.) ತಪ್ಪು ಬೋಲ್ಟು ಮೊದಲ ಎರಡು ಸುತ್ತು ಕೈಯಲ್ಲೇ ಹೋಗುತ್ತದೆ. ಮೂರನೇ ಸುತ್ತಿಗೆ ಬಿಗಿ. ತುಕ್ಕು ಇರಬೇಕು ಅಂದುಕೊಂಡು ನಾನೂ ಒಮ್ಮೆ ಬುಲೆಟ್ಟಿನ ಅಲ್ಯೂಮಿನಿಯಂ ಕೇಸಿಗೆ ಎಂ8 ಹಾಕಿ ಸ್ಪ್ಯಾನರ್ ಕೊಟ್ಟೆ. ಒಳಗಿನ ಥ್ರೆಡ್ಡು ತೆಂಗಿನತುರಿ ಥರ ಹೊರಗೆ ಬಂತು. ಹತ್ತು ರೂಪಾಯಿ ಬೋಲ್ಟು ಉಳಿಸಲು ಹೋಗಿ ಕೇಸನ್ನೇ ಲೇತಿಗೆ ಹೊತ್ತುಕೊಂಡು ಹೋಗಬೇಕಾಯಿತು.

ಈ 8 ಮಿ.ಮೀ. ದಪ್ಪದವುಗಳಲ್ಲಿ ಯಾವುದು ಯಾವ ಲೆಕ್ಕದ್ದು ಅಂತ ಪತ್ತೆ ಮಾಡಲು ಥ್ರೆಡ್ ಗೇಜ್ (ಥ್ರೆಡ್ಡಿನ ಅಂತರ ಅಳೆಯುವ ಹಲ್ಲಿನ ಪಟ್ಟಿ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಹಳೇ ಸ್ಪಾರ್ಕ್ ಪ್ಲಗ್ ಸಾಕು. ಮಾಮೂಲಿ 14 ಮಿ.ಮೀ. ಪ್ಲಗ್ಗಿನ ಥ್ರೆಡ್ಡು ಕೂಡ 1.25ರದ್ದೇ. ಪ್ಲಗ್ಗನ್ನೂ ಬೋಲ್ಟನ್ನೂ ಪಕ್ಕ ಪಕ್ಕ ಒತ್ತಿ ಕಿಟಕಿ ಬೆಳಕಿಗೆ ಹಿಡಿಯಿರಿ. ಹಲ್ಲಿಗೆ ಹಲ್ಲು ಕೂತು ಸಂದಿಯಲ್ಲಿ ಬೆಳಕು ಕಾಣದಿದ್ದರೆ ಅದು ಎಂ8, ಜಾವಾ ಗುಂಪಿಗೆ. ನಾಲ್ಕೈದು ಹಲ್ಲು ದಾಟುತ್ತಲೇ ಜಾರಿ ಬೆಳಕು ಕಂಡರೆ ಇಂಚು, ಬುಲೆಟ್ ಗುಂಪಿಗೆ. ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಶ್ ಹಾಕಿ, ಕೊಳೆ ಇದ್ದರೆ ಯಾವುದೂ ಕೂರುವುದಿಲ್ಲ.

ಜಾವಾ ಮಟ್ಟಿಗೆ ಇನ್ನು ಕೆಲಸ ಸಲೀಸು. ಎಂ6, ಎಂ8, ಎಂ10 ಕುಶಾಲನಗರ, ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತವೆ. ತಲೆ ಮೇಲೆ 8.8 ಅಂತ ಕೆತ್ತಿರುವುದನ್ನೇ ಕೇಳಿ, ಅದು ಬೋಲ್ಟಿನ ಬಲದ ಗುರುತು. ಏನೂ ಬರೆಯದ ಬೋಲ್ಟು ಗೇಟಿಗೆ, ಬೇಲಿಗೆ ಸರಿ, ಎಂಜಿನ್ ಕೂರಿಸಲು ಬೇಡ. ಜಾವಾದ್ದೇ ಆದ ಆಕ್ಸಲ್, ಸ್ಟಡ್, ವಿಚಿತ್ರ ಆಕಾರದ ನಟ್ಟುಗಳಿಗೆ ಮೈಸೂರಿಗೇ ಹೋಗಿ. ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಈ ಗಾಡಿಯ ಒಳಗುಟ್ಟು ಗೊತ್ತಿರುವ ಮೆಕ್ಯಾನಿಕ್‌ಗಳು ಆ ಊರಲ್ಲಿ ಇನ್ನೂ ಇದ್ದಾರೆ. ಫೋನಿನಲ್ಲಿ ಫೋಟೊ ತೋರಿಸಿದರೆ ಸಾಲದು, ಹಳೇ ತುಂಡು ಜೇಬಿನಲ್ಲಿರಲಿ. 2018ರಲ್ಲಿ ಮತ್ತೆ ಬಂದ ಹೊಸ ಜಾವಾದ ಸ್ಪೇರು ಮಾತ್ರ ನೋಡಲೇ ಬೇಡಿ. ಹೆಸರು ಒಂದೇ, ಗಾಡಿ ಬೇರೆ.

ಬುಲೆಟ್ ಸರದಿ ಬಂದಾಗ ನಮ್ಮ ಜಿಲ್ಲೆಗೊಂದು ಅನುಕೂಲ ಇದೆ. ತೋಟದ ಹಳೇ ಇಂಗ್ಲಿಷ್ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಲಿಸ್ಟರ್ ಎಂಜಿನ್ ಇವೂ ಇಂಚಿನ ಥ್ರೆಡ್ಡಿನವೇ. ಅವುಗಳ ಜೊತೆ ಬೆಳೆದ ಮೆಕ್ಯಾನಿಕ್ ಹತ್ತಿರ ಇಂಗ್ಲಿಷ್ ಸ್ಪ್ಯಾನರು, ಥ್ರೆಡ್ ಕೊರೆಯುವ ಟ್ಯಾಪು, ಡೈ ಎಲ್ಲ ಇರುತ್ತವೆ. ನಮ್ಮ ಪಕ್ಕದ ತೋಟದಲ್ಲಿ ಒಬ್ಬರಿದ್ದರು. ಬೋಲ್ಟು ಕೈಗೆ ಕೊಟ್ಟರೆ ಉಗುರಲ್ಲಿ ಕೆರೆದು ನೋಡಿ, "ಇದು ಸೈಕಲ್ ಥ್ರೆಡ್ಡು ಮಾರಾಯ, ಇಪ್ಪತ್ತಾರು" ಅನ್ನುತ್ತಿದ್ದರು. ಹೌದು, ಇಂಚಿಗೆ 26ರ ಸೈಕಲ್ ಥ್ರೆಡ್ಡೂ ಹಳೇ ಇಂಗ್ಲಿಷ್ ಬೈಕುಗಳಲ್ಲಿ ಬರುತ್ತದೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ಸಂಡೇ ಬಜಾರಿನ ಗುಜರಿ ರಾಶಿ, ಇಲ್ಲವೇ ಬುಲೆಟ್ ಸ್ಪೇರಿಗೆ ಹೆಸರಾದ ದೆಹಲಿಯ ಕರೋಲ್ ಬಾಗ್. ಒಂದೆರಡು ಬೋಲ್ಟಿಗಾದರೆ ಅಷ್ಟು ದೂರ ಯಾಕೆ, ಸ್ಯಾಂಪಲ್ ಕೊಟ್ಟು ಲೇತಿನಲ್ಲಿ ಮಾಡಿಸಿಕೊಳ್ಳಿ.

ಸ್ಟೇನ್‌ಲೆಸ್ ವಿಚಾರದಲ್ಲಿ ನಾನು ಸ್ವಲ್ಪ ಹಳೇ ಕಾಲದವನು. ಮಡ್ಗಾರ್ಡಿಗೆ, ನಂಬರ್ ಪ್ಲೇಟಿಗೆ ಹಾಕಿ, ತೊಂದರೆ ಇಲ್ಲ. ಆಕ್ಸಲ್, ಬ್ರೇಕ್, ಎಂಜಿನ್ ಹಿಡಿಯುವ ಜಾಗದಲ್ಲಿ ಬೇಡ. ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ಸಿಗೆ 8.8ರಷ್ಟು ಬಲ ಇಲ್ಲ. ಇನ್ನೊಂದು, ಅಲ್ಯೂಮಿನಿಯಂ ಒಳಗೆ ಸ್ಟೇನ್‌ಲೆಸ್ ಕೂತು ಮಧ್ಯೆ ನಮ್ಮ ಜೂನ್, ಜುಲೈ ನೀರು ಇಳಿದರೆ ತಿನ್ನುವುದು ಅಲ್ಯೂಮಿನಿಯಂ ಅನ್ನು. ಬೋಲ್ಟು ಹೊಳೆಯುತ್ತಲೇ ಇರುತ್ತದೆ, ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಹಾಕಲೇಬೇಕಿದ್ದರೆ ಥ್ರೆಡ್ಡಿಗೆ ಗ್ರೀಸ್ ಬಳಿದು ಹಾಕಿ.

ನನ್ನನ್ನು ಕೇಳಿದರೆ, ಥ್ರೆಡ್ ಚೆನ್ನಾಗಿರುವ ಹಳೇ ಬೋಲ್ಟುಗಳಿಗೇ ಜಿಂಕ್ ಪ್ಲೇಟಿಂಗ್ ಮಾಡಿಸಿ. ಹೊಸ ಬೋಲ್ಟಿನ ತಲೆ ಹಳೇ ಗಾಡಿಯಲ್ಲಿ ಎದ್ದು ಕಾಣುತ್ತದೆ. ಪ್ಲೇಟಿಂಗ್‌ನವರಿಗೆ ಕೊಡುವ ಮೊದಲು ಎಣಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. 10.9 ಅಂತ ಬರೆದ ಗಟ್ಟಿ ಬೋಲ್ಟು ಮಾತ್ರ ಸುಮ್ನೆ ಕೊಡಬೇಡಿ. ಪ್ಲೇಟಿಂಗಿಗೆ ಅಂತ ಆಸಿಡ್ಡಿನಲ್ಲಿ ಅದ್ದಿದಾಗ ಹೈಡ್ರೋಜನ್ ಒಳಗೆ ಸೇರಿ ಅಂಥವು ಪೆಡಸಾಗುತ್ತವೆ, ಒಂದು ದಿನ ಹೇಳದೆ ಕೇಳದೆ ಮುರಿಯುತ್ತವೆ.

ಇನ್ನೂ ಬಿಚ್ಚದ ಸ್ಕ್ರೂಗಳಿದ್ದರೆ ಒಂದು ರಟ್ಟು ತೆಗೆದುಕೊಂಡು ಎಂಜಿನ್ ಕವರಿನ ಆಕಾರ ಗೀಚಿ. ಯಾವ ಸ್ಕ್ರೂ ಯಾವ ತೂತಿನದ್ದೋ ಅಲ್ಲೇ ಚುಚ್ಚುತ್ತಾ ಹೋಗಿ, ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ಬುಲೆಟ್ಟಿಗೆ ಬೇರೆ ರಟ್ಟು. ಆ ಡಬ್ಬಿಗೆ ಮತ್ತೆ ಬಿಸ್ಕತ್ತೇ ಹಾಕಿ.