ಯಾರು ನಮ್ಮ ಸಭೆಯ ಸದಸ್ಯರು? ಬರೆಯುವ ಮೊದಲು ಕೂತು ಮಾತಾಡಿ

ಕಳೆದ ವರ್ಷ ಗದಗ ಕಡೆಯ ಒಂದು ಸಣ್ಣ ಸ್ವತಂತ್ರ ಕ್ರೈಸ್ತ ಸಭೆಯ (ಚರ್ಚಿನ) ಪಾಸ್ಟರು, ಸಭೆಯ ಹೊಣೆ ಹೊತ್ತ ಇಬ್ಬರು ಹಿರಿಯರ ಜೊತೆ ನನ್ನ ಆಫೀಸಿಗೆ ಬಂದರು. ಕೈಯಲ್ಲಿ 14 ಪುಟದ ಪ್ರಿಂಟ್. "ಬೈಲಾ ರೆಡಿ ಐತ್ರಿ ವಕೀಲರ. ಸುಮ್ನ ಒಮ್ಮೆ ಕಣ್ಣಾಡಿಸಿ ಕೊಡ್ರಿ, ನಾಳೆ ರಿಜಿಸ್ಟರ್ ಮಾಡಸ್ತೀವಿ" ಅಂದರು.

ಓದುತ್ತಾ ಹೋದೆ. ಒಂಬತ್ತನೇ ಪುಟದಲ್ಲಿ, ಸಭೆಯ ಹಣವನ್ನು "ಆಂತರಿಕ ಕಂದಾಯ ಸಂಹಿತೆಯ 501ನೇ ಸೆಕ್ಷನ್" ಪ್ರಕಾರವೇ ಖರ್ಚು ಮಾಡಬೇಕು ಎಂದಿತ್ತು. ಅದು ಅಮೆರಿಕದ ತೆರಿಗೆ ಕಾನೂನು. ಅಲ್ಲಿನ ಯಾವುದೋ ಸಭೆಯ ನಿಯಮಾವಳಿಯನ್ನು ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿ, ಹೆಸರು ಮಾತ್ರ ಬದಲಿಸಿದ್ದರು. ಎರಡನೇ ಪುಟದ ನಂಬಿಕೆಯ ಹೇಳಿಕೆ ಇನ್ನೂ ನೋವು ತಂದಿತು. "ಪವಿತ್ರ ಗ್ರಂಥದ ಮೌಖಿಕ ಸಂಪೂರ್ಣ ಪ್ರೇರಣೆಯನ್ನು ನಂಬುತ್ತೇವೆ" ಎಂದು ಬರೆದಿತ್ತು. ಮೂಲದಲ್ಲಿ 'ವರ್ಬಲ್' ಎಂಬ ಪದ ಇರಬೇಕು. ದೈವಶಾಸ್ತ್ರದಲ್ಲಿ ಅದಕ್ಕೆ 'ಒಂದೊಂದು ಮಾತೂ' ಎಂಬ ಅರ್ಥ. ಮೊಬೈಲು ಅದನ್ನು 'ಬಾಯಿಮಾತು' ಎಂದು ತಿಳಿದುಕೊಂಡಿದೆ. ಸತ್ಯವೇದದ ಬಗ್ಗೆ ಆ ಜನ ಪ್ರಾಣಕ್ಕಿಂತ ಹೆಚ್ಚಾಗಿ ನಂಬಿರುವ ಸಂಗತಿಯೇ ಅವರ ಕಾಗದದಲ್ಲಿ ತಪ್ಪಾಗಿ ಕೂತಿತ್ತು.

ಅವರನ್ನು ದೂರಲಾರೆ. ಹೇಗೆ ಬರೆಯಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕಥೋಲಿಕ ಧರ್ಮಕೇಂದ್ರಕ್ಕೆ ಈ ಕೆಲಸವೇ ಬರುವುದಿಲ್ಲ, ಬೋಧನೆಯೂ ಧರ್ಮಸಭೆಯ ಕಾನೂನೂ ಮೇಲಿನಿಂದ ಬರುತ್ತವೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಿಗೂ 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಒಗ್ಗೂಡಿದಾಗ ಒಪ್ಪಿಕೊಂಡ ಸಂವಿಧಾನ ಇದೆ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ರೀತಿಯ ಸ್ವತಂತ್ರ ಸಭೆಗಳಲ್ಲಿ ಮಾತ್ರ ಎಲ್ಲವನ್ನೂ ತಾವೇ ಬರೆದುಕೊಳ್ಳಬೇಕು. ಶೆಡ್ಡಿನಲ್ಲೋ ಮನೆಯ ಮಹಡಿಯ ಮೇಲೋ ಶುರುವಾದ ಸಭೆ, 60–70 ಜನ ಆದಾಗ, ಜಾಗ ಕೊಳ್ಳೋಣ ಅಂದಾಗ, ಬ್ಯಾಂಕಿನವರು ಖಾತೆಗೆ ಕಾಗದ ಕೇಳಿದಾಗ, ಎಲ್ಲರಿಗೂ ಅವಸರ ಹತ್ತುತ್ತದೆ.

ಅವಸರದಲ್ಲಿ ಆಗುವ ಮೊದಲ ತಪ್ಪು, ನಂಬಿಕೆಯನ್ನೂ ನಿಯಮವನ್ನೂ ಒಂದೇ ಪಾತ್ರೆಯಲ್ಲಿ ಕಲಸುವುದು. "ಯೇಸು ಕ್ರಿಸ್ತನು ಸತ್ತವರೊಳಗಿಂದ ಎದ್ದನು" ಎಂಬ ಮಾತಿನ ಪಕ್ಕದಲ್ಲೇ "ಭಾನುವಾರ ಹತ್ತಕ್ಕೆ ಆರಾಧನೆ" ಎಂದೂ ಇರುತ್ತದೆ. ನಾಳೆ ಸಮಯ ಬದಲಿಸಬೇಕಾದರೆ ನಂಬಿಕೆಯನ್ನೇ ತಿದ್ದಿದ ಹಾಗೆ ಆಗುತ್ತದೆ, ಅಲ್ವಾ? ಎರಡನ್ನೂ ಬೇರೆ ಮಾಡಿ. ನಿಯಮ ತಿದ್ದಲು ಒಂದು ದಾರಿ ಇರಲಿ. ನಂಬಿಕೆ ತಿದ್ದಲು ಅದಕ್ಕಿಂತ ಕಷ್ಟದ ದಾರಿ ಇರಲಿ. ನಾನು ಸಾಮಾನ್ಯವಾಗಿ, ಆರು ತಿಂಗಳ ಅಂತರದಲ್ಲಿ ಎರಡು ಸಲ ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆಯಾಗಬೇಕು ಎಂದು ಬರೆಯುತ್ತೇನೆ.

ನಂಬಿಕೆಯ ಹೇಳಿಕೆ ಉದ್ದ ಇರಬೇಕಾಗಿಲ್ಲ. ಅಪೊಸ್ತಲರ ವಿಶ್ವಾಸ ಪ್ರಮಾಣ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ಕೂಡಿದ ಬಿಷಪ್‌ಗಳು ತಮ್ಮ ಪ್ರಮಾಣವನ್ನು "ನಂಬುತ್ತೇವೆ" ಎಂದೇ ಶುರುಮಾಡಿದರು. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಪ್ರಮಾಣದಲ್ಲಿ ಒಬ್ಬನೇ ನಿಂತು "ನಂಬುತ್ತೇನೆ" ಅನ್ನುತ್ತಾನೆ, ನಂಬಿಕೆಯ ಹೇಳಿಕೆಯಲ್ಲಿ ಇಡೀ ಸಭೆ ಒಟ್ಟಿಗೆ ಮಾತಾಡುತ್ತದೆ. ಹಾಗಾಗಿ ಕರಡಿನ ಒಂದೊಂದು ಸಾಲನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಓದುವವರು ತಡವರಿಸಿದ ಕಡೆ ಪದ ಬದಲಾಗಬೇಕು. ಗದಗಿನವರ 'ಮೌಖಿಕ ಪ್ರೇರಣೆ' ಕಡೆಗೆ "ಸತ್ಯವೇದದ ಒಂದೊಂದು ಮಾತೂ ದೇವರ ಪ್ರೇರಣೆಯಿಂದ ಬಂದದ್ದು" ಎಂದಾಯಿತು. ಅವರು ಪ್ರಾರ್ಥಿಸುವ ಕನ್ನಡವೇ ಅದು. ಇಂಗ್ಲಿಷಿನಲ್ಲೂ ಒಂದು ಪ್ರತಿ ಬೇಕಾದರೆ ಮಾಡಿಸಿ. ಆದರೆ ಎರಡರ ನಡುವೆ ವ್ಯತ್ಯಾಸ ಬಂದರೆ ಕನ್ನಡದ ಪ್ರತಿಯೇ ಪ್ರಮಾಣ ಎಂದು ಒಂದು ಸಾಲು ಸೇರಿಸಿ.

ಇನ್ನು ದೀಕ್ಷಾಸ್ನಾನದ ಕಲಮು. ಪ್ರಿಂಟಿನಲ್ಲಿ ಹೀಗಿತ್ತು: "ತಿಳಿವಳಿಕೆ ಬಂದ ಮೇಲೆ, ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರು ಮಾತ್ರ ಸದಸ್ಯರು." ಬ್ಯಾಪ್ಟಿಸ್ಟ್ ಪರಂಪರೆಯಲ್ಲಿ ಇದು ಹಳೆಯ, ಗಟ್ಟಿಯಾದ ಬೋಧನೆ. ತಪ್ಪೇನಿಲ್ಲ. ಆ ಸಭೆಯಲ್ಲಿ ಒಂದು ದಿನ ಕರಡು ಓದುವಾಗ ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಡೋಲಕ್, ಗೋಡೆಯ ಮೇಲೆ ಹಳೆಯ ಕ್ಯಾಲೆಂಡರ್. ಈ ಕಲಮು ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. ಅವರದು ಬೆಟಗೇರಿಯ ಹಳೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆ) ಮನೆತನ. ಆ ಊರಿಗೆ ಮಿಶನ್ ಬಂದದ್ದು 1841ರಲ್ಲಿ. ಎಳೆಗೂಸಾಗಿದ್ದಾಗ ಅವರಿಗೆ ದೀಕ್ಷಾಸ್ನಾನ ಆಗಿತ್ತು, ಹದಿನಾರಕ್ಕೆ, ತಾವೇ ಎದ್ದು ನಂಬಿಕೆಯನ್ನು ಒಪ್ಪಿಕೊಳ್ಳುವ ದೃಢೀಕರಣವೂ ಆಗಿತ್ತು. ಮಗನ ಮನೆ ಹತ್ತಿರ ಅಂತ 19 ವರ್ಷದಿಂದ ಈ ಸಭೆಗೆ ಬರುತ್ತಿದ್ದಾರೆ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸುವವರೂ ಅವರೇ.

"ಹಂಗಾದ್ರ ನಂದು ಸುಳ್ಳಾತೇನ್ರಿ ಪಾಸ್ಟರ?" ಅಂದರು.

ಪಾಸ್ಟರು ತಲೆ ತಗ್ಗಿಸಿದರು. ಆ ಕಲಮನ್ನು ಹಾಕಿಕೊಂಡಾಗ ಅವರ ಕಣ್ಣಮುಂದೆ ಆ ಅಜ್ಜಿ ಇರಲೇ ಇಲ್ಲ.

ಸಭೆಯ ಬೋಧನೆಯನ್ನು ಸಡಿಲ ಮಾಡಿ ಎಂದು ನಾನು ಹೇಳಲಿಲ್ಲ. ಅದು ವಕೀಲನ ಕೆಲಸ ಅಲ್ಲ. ಕೇಳಿದ್ದು ಇಷ್ಟೇ: ಈ ನಂಬಿಕೆಯನ್ನು ಬೋಧಿಸುವವರು ಒಪ್ಪಿದರೆ ಸಾಕಾ, ಪ್ರತಿಯೊಬ್ಬ ಸದಸ್ಯರೂ ಒಪ್ಪಲೇಬೇಕಾ? ಪ್ರತಿ ಕಲಮಿಗೂ ಈ ಪ್ರಶ್ನೆ ಹಾಕಬೇಕು. ತ್ರಯೇಕ ದೇವರು, ಕ್ರಿಸ್ತನ ಮರಣ, ಪುನರುತ್ಥಾನ, ಕೃಪೆಯಿಂದ ರಕ್ಷಣೆ, ಇವಕ್ಕೆ ಎಲ್ಲರೂ ಆಮೆನ್ ಅನ್ನಬೇಕು. ಕಡೆಯ ಕಾಲದ ಘಟನೆಗಳ ಕ್ರಮ, ಅನ್ಯಭಾಷೆಯ ವರ (ಪವಿತ್ರಾತ್ಮನಿಂದ, ಕಲಿಯದ ಭಾಷೆಯಲ್ಲಿ ಮಾತಾಡುವುದು) ಮುಂತಾದವನ್ನು ಪಾಸ್ಟರೂ ಹಿರಿಯರೂ ಒಪ್ಪಿ ಬೋಧಿಸಿದರೆ ಸಾಕು, ಸದಸ್ಯರು ಅದಕ್ಕೆ ವಿರುದ್ಧವಾಗಿ ಗುಂಪು ಕಟ್ಟದಿದ್ದರೆ ಆಯಿತು ಎಂದು ಹಲವು ಸಭೆಗಳು ತೀರ್ಮಾನಿಸುತ್ತವೆ. ದೀಕ್ಷಾಸ್ನಾನ ಎರಡರ ನಡುವೆ ಬರುತ್ತದೆ. ಮುಳುಗಿ ದೀಕ್ಷಾಸ್ನಾನ ಪಡೆಯದವರನ್ನು ಸದಸ್ಯರಾಗಿ ಸೇರಿಸಿಕೊಳ್ಳಬಹುದಾ ಎಂಬ ಬಗ್ಗೆ ಬ್ಯಾಪ್ಟಿಸ್ಟರಲ್ಲೇ 17ನೇ ಶತಮಾನದಿಂದ ಎರಡು ಪಂಗಡ. ಗದಗಿನವರು ಎರಡು ತಿಂಗಳು ಪ್ರಾರ್ಥನೆ ಮಾಡಿ ಹೀಗೆ ಬರೆದುಕೊಂಡರು: ಸಭೆ ಬೋಧಿಸುವುದೂ ಕೊಡುವುದೂ ಮುಳುಗಿಸುವ ದೀಕ್ಷಾಸ್ನಾನವನ್ನೇ. ಬೇರೆ ಸಭೆಯಲ್ಲಿ ಎಳೆತನದಲ್ಲಿ ದೀಕ್ಷಾಸ್ನಾನವಾಗಿ, ಬೆಳೆದ ಮೇಲೆ ತಾವೇ ನಂಬಿಕೆಯನ್ನು ಅರಿಕೆ ಮಾಡಿದವರನ್ನು, ಹಿರಿಯರ ಮುಂದೆ ಸಾಕ್ಷಿ ಹೇಳಿದ ಮೇಲೆ ಸೇರಿಸಿಕೊಳ್ಳಬಹುದು. ಹಿರಿಯರಾಗುವವರು ಮಾತ್ರ ಸಭೆಯ ಬೋಧನೆಯಂತೆ ದೀಕ್ಷಾಸ್ನಾನ ಪಡೆದಿರಬೇಕು. ಇನ್ನೊಂದು ಸಭೆ ಬಾಗಿಲನ್ನು ಇನ್ನೂ ಕಿರಿದು ಮಾಡಬಹುದು. ಅದು ಅವರ ಹಕ್ಕು. ಆದರೆ ಆ ಬಾಗಿಲ ಮುಂದೆ ಯಾರು ನಿಂತಿದ್ದಾರೆ ಎಂದು ನೋಡಿಕೊಂಡೇ ಮಾಡಲಿ.

ಆ ಹಕ್ಕಿನ ಬಗ್ಗೆ ನಮ್ಮ ನೆಲದ್ದೇ ಒಂದು ತೀರ್ಪಿದೆ. 1954ರಲ್ಲಿ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 26ನೇ ವಿಧಿಯಲ್ಲಿ ಬರುವ ಧಾರ್ಮಿಕ ಪಂಗಡ ಅಂದರೆ ಏನು ಎಂದು ವಿವರಿಸಿತು. ಒಂದೇ ನಂಬಿಕೆ, ಒಂದು ವ್ಯವಸ್ಥೆ, ತನ್ನದೇ ಹೆಸರು. ಮಾಧ್ವ ಮಠದ ಕೇಸು, ಆದರೆ ಅದರ ನೆರಳು ನಮ್ಮ ಸಭೆಗಳಿಗೂ ಇದೆ. ತಮ್ಮ ಧಾರ್ಮಿಕ ವಿಷಯಗಳನ್ನು ತಾವೇ ನೋಡಿಕೊಳ್ಳುವ ಹಕ್ಕು ಕೇಳುವ ದಿನ ಬಂದರೆ, ನಿಮ್ಮ ನಂಬಿಕೆ ಏನು, ವ್ಯವಸ್ಥೆ ಏನು ಎಂದು ಕೋರ್ಟು ಮೊದಲು ಕೇಳುತ್ತದೆ. ಆಗ ತೋರಿಸಬೇಕಾದದ್ದು ಈ ಕಾಗದಗಳನ್ನೇ.

ಸದಸ್ಯತ್ವದ ಅಧ್ಯಾಯದಲ್ಲಿ ಜನ ಜಾಸ್ತಿ ಎಡವುವುದು ಏಳು ಹೆಸರಿನ ವಿಷಯದಲ್ಲಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಭೆಯನ್ನು ಸಂಘವಾಗಿ ರಿಜಿಸ್ಟರ್ ಮಾಡಿಸಲು ಕನಿಷ್ಠ ಏಳು ಜನ ಬೇಕು. ಪಾಸ್ಟರು ತಮ್ಮ ಹೆಂಡತಿ, ತಮ್ಮ, ಭಾವಮೈದ, ಆಪ್ತರಲ್ಲಿ ಮೂವರನ್ನು ತಮ್ಮ ಜೊತೆ ಸೇರಿಸಿ ಏಳು ಸಹಿ ಮಾಡಿಸುತ್ತಾರೆ. ಕೆಟ್ಟ ಉದ್ದೇಶ ಇರುವುದಿಲ್ಲ, ಆ ಹೊತ್ತಿಗೆ ಸಿಕ್ಕವರು ಅವರು. ಆಮೇಲೆ ಆ ಫೈಲನ್ನು ಯಾರೂ ಮುಟ್ಟುವುದಿಲ್ಲ. ನಾನು ನೋಡಿದ ಒಂದು ಊರಲ್ಲಿ ಹಾಗೇ ಆಯಿತು. ಭಾನುವಾರಕ್ಕೆ 160 ಜನ ಬರುತ್ತಿದ್ದರು. ಪಾಸ್ಟರು ತೀರಿಕೊಂಡರು. ಫೈಲಿನಲ್ಲಿದ್ದ ಏಳರಲ್ಲಿ ಪಾಸ್ಟರನ್ನು ಬಿಟ್ಟರೆ ಮೂವರು ಆಗಲೇ ತೀರಿಕೊಂಡಿದ್ದರು, ಇಬ್ಬರು ಊರು ಬಿಟ್ಟಿದ್ದರು. ಉಳಿದವರು ಒಬ್ಬರೇ, ಅವರೂ ಪಾಸ್ಟರ ಮನೆಯವರು. ಜಾಗ ಕೊಂಡದ್ದು ಪಾಸ್ಟರ ಸ್ವಂತ ಹೆಸರಿನಲ್ಲಿ. ಕಾನೂನಿನ ಪ್ರಕಾರ ಅದು ಅವರ ವಾರಸುದಾರರಿಗೆ ಹೋಯಿತು. ಹದಿನೈದು ವರ್ಷ ಕೂಲಿಯಲ್ಲಿ ಉಳಿಸಿ ಕಾಣಿಕೆ ಕೊಟ್ಟ ಹೆಂಗಸರು ಬೀಗ ಹಾಕಿದ ಗೇಟಿನ ಹೊರಗೆ ನಿಂತು ಹಾಡಿದರು. ಆ ಹಾಡು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ. ಭಾನುವಾರದ ಸದಸ್ಯರೂ ಫೈಲಿನ ಸದಸ್ಯರೂ ಒಬ್ಬರೇ ಆಗಿರಬೇಕು. ಸಭೆಯ ಸದಸ್ಯರ ಪಟ್ಟಿಗೆ ಸೇರಿದವರೆಲ್ಲ ಸಂಘದ ಸದಸ್ಯರೂ ಹೌದು ಎಂದು ನಿಯಮದಲ್ಲಿ ಬರೆಯಿರಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ, ಲೆಕ್ಕ ಓದಿ, ಹೊಸ ಸಮಿತಿಯ ಪಟ್ಟಿಯನ್ನು ಲೆಕ್ಕಪತ್ರದ ಜೊತೆ ನೋಂದಣಾಧಿಕಾರಿಗೆ ಸಲ್ಲಿಸಿ. ಜಾಗವನ್ನು ಸಂಘದ ಹೆಸರಿನಲ್ಲೇ ಕೊಳ್ಳಿ. ಮತ ಹಾಕಲು 18 ವರ್ಷ ಇಡಿ. ಹನ್ನೆರಡಕ್ಕೆ ದೀಕ್ಷಾಸ್ನಾನ ಪಡೆದ ಹುಡುಗಿ ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸದ ಆಚರಣೆಗೆ) ಸೇರಲಿ, ಜಾಗದ ವ್ಯವಹಾರಕ್ಕೆ ಕೈ ಎತ್ತುವುದು ಬೇಡ. ಬೆಂಗಳೂರಿಗೆ ಕೆಲಸಕ್ಕೆ ಹೋದವರ ಹೆಸರನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ವರ್ಗಾವಣೆ ಪತ್ರ ಯಾರು ಕೊಡುತ್ತಾರೆ, ಅದನ್ನೂ ಬರೆಯಿರಿ. ಮದುವೆಯ ಕಲಮು ಹಾಕುವುದಾದರೆ, ಪಾಸ್ಟರ ಬಳಿ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಅಧಿಕಾರ ಇದೆಯಾ ಎಂದು ಮೊದಲು ನೋಡಿಕೊಳ್ಳಿ.

ಒಂದು ವಿಷಯವನ್ನು ಪಿಸುಮಾತಿನಲ್ಲಿ ಕೇಳುತ್ತಾರೆ. "ಅಣ್ಣಾ, ನಾನು ಬರ್ತೀನಿ, ಪ್ರಾರ್ಥನೆ ಮಾಡ್ತೀನಿ, ಪುಸ್ತಕದಲ್ಲಿ ಮಾತ್ರ ಹೆಸರು ಬೇಡ." ಕಾರಣ ಎಲ್ಲರಿಗೂ ಗೊತ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ, ದೀಕ್ಷಾಸ್ನಾನವಾಗಿ ಚರ್ಚಿಗೆ ಹೋಗುತ್ತಿದ್ದ ಮಹಿಳೆಗೆ ಆ ಸರ್ಟಿಫಿಕೇಟ್ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಸಭೆಯ ರಿಜಿಸ್ಟರು ಕೋರ್ಟಿನಲ್ಲಿ ಸಾಕ್ಷಿಯಾಗಬಲ್ಲ ದಾಖಲೆ. ಬಡ ಮನೆಯ ಹುಡುಗನ ಹಾಸ್ಟೆಲ್ಲು, ಫೀಸು, ಕೆಲಸ ಎಲ್ಲ ಇದರ ಮೇಲೆ ನಿಂತಿರುವಾಗ ಆ ಪಿಸುಮಾತಿನ ಭಾರ ನನಗೂ ಗೊತ್ತು. ಆದರೂ ಎರಡು ಪುಸ್ತಕ ಇಡಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಸೇರುವ ಮೊದಲೇ ಪಾಸ್ಟರು ಅವರನ್ನು ಕೂರಿಸಿಕೊಂಡು, ಏನಾಗಬಹುದು ಎಂದು ಪೂರ್ತಿ ತಿಳಿಸಲಿ. ತೀರ್ಮಾನ ಅವರದೇ. ಆರಾಧನೆಗೆ ಬರುವವರು ಬೇರೆ, ಸದಸ್ಯರು ಬೇರೆ ಎಂದು ನಿಯಮವೂ ಸ್ಪಷ್ಟವಾಗಿ ಹೇಳಲಿ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ (ಮತಾಂತರ ತಡೆ ಕಾಯ್ದೆ) ಬಂದ ಮೇಲೆ ಈ ಎಚ್ಚರ ಇನ್ನೂ ಅಗತ್ಯ. ದೀಕ್ಷಾಸ್ನಾನ ಕೇಳಿದವರು ಬಂದಾಗ, ಆ ದಿನಕ್ಕೆ ಕಾನೂನು ಹೇಗಿದೆ ಎಂದು ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಹೊರಹಾಕುವ ನಿಯಮವನ್ನು ಜಗಳ ಇಲ್ಲದ ದಿನ ಬರೆಯಬೇಕು. ಮತ್ತಾಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ದಾರಿ ಎಲ್ಲ ಪಾಸ್ಟರಿಗೂ ಬಾಯಿಪಾಠ. ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಇನ್ನೊಬ್ಬರು ಇಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ಆದರೆ ಎಷ್ಟೋ ನಿಯಮಾವಳಿಗಳಲ್ಲಿ ಇರುವುದು "ಪಾಸ್ಟರ ತೀರ್ಮಾನವೇ ಅಂತಿಮ" ಎಂಬ ಒಂದೇ ಸಾಲು. ಫ್ರೀಮೇಸನ್ ಎಂಬ ಸೋದರ ಸಂಘದ ಬೆಳಗಾವಿಯ ಒಂದು ಶಾಖೆ (ಲಾಡ್ಜು) ತನ್ನ ಸದಸ್ಯರೊಬ್ಬರನ್ನು ಹೊರಹಾಕಿದ ಪ್ರಕರಣ 1960ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಸದಸ್ಯನು ನಿಯಮಕ್ಕೆ ಬದ್ಧ, ಆದರೆ ಹೊರಹಾಕುವ ಅಧಿಕಾರವನ್ನೂ ನಿಯಮದ ಪ್ರಕಾರವೇ, ಸಹಜ ನ್ಯಾಯಕ್ಕೆ ತಕ್ಕಂತೆ ಬಳಸಬೇಕು ಎಂದು ಕೋರ್ಟು ಹೇಳಿತು. ಹಾಗಾಗಿ ಆಪಾದನೆ ಏನು ಎಂದು ಬರಹದಲ್ಲಿ ಕೊಡಿ. ಉತ್ತರಕ್ಕೆ ಸಮಯ ಕೊಡಿ. ದೂರು ಕೊಟ್ಟವರೇ ತೀರ್ಪು ಕೊಡುವ ಕುರ್ಚಿಯಲ್ಲಿ ಕೂರಬಾರದು. ಪಾಸ್ಟರ ಮೇಲೆ ದೂರು ಬಂದರೆ ಯಾರು ಕೇಳುತ್ತಾರೆ ಎಂದೂ ಬರೆದಿರಲಿ. ಹೊರಹಾಕಿದ ಕಾರಣವನ್ನು ವೇದಿಕೆಯ ಮೇಲಿಂದ ಓದುವುದು ಬೇಡ, ಮಾನನಷ್ಟದ ಕೇಸು ಅಲ್ಲಿಂದಲೇ ಹುಟ್ಟುತ್ತದೆ. ಮತ್ತೆ ಬರಲು ಮನಸ್ಸಾದವರಿಗೆ ದಾರಿ ಯಾವುದು ಎಂಬುದಕ್ಕೂ ಒಂದು ಕಲಮು ಬೇಕು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದಂಥ ಸಂಗತಿ ಬಂದರೆ ಈ ಮೆಟ್ಟಿಲು ಯಾವುದೂ ಇಲ್ಲ. ನೇರ ಪೊಲೀಸರಿಗೆ ತಿಳಿಸಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಲ್ಲಿ ತಿಳಿಸದಿರುವುದೇ ಅಪರಾಧ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಗದಗಿನವರ 14 ಪುಟ ಈಗ ಆರು ಪುಟಕ್ಕೆ ಬಂದಿದೆ. ನಂಬಿಕೆಯದು ಒಂದು, ನಿಯಮದ್ದು ಐದು. 501ನೇ ಸೆಕ್ಷನ್ ಹೋಯಿತು. ದೀಕ್ಷಾಸ್ನಾನದ ಕಲಮು ಒಪ್ಪಿಗೆಯಾದ ದಿನ ಆ ಅಜ್ಜಿ ಹಿರಿಯರ ಮುಂದೆ ಸಾಕ್ಷಿ ಹೇಳಿದರು. ಹಿರಿಯರು ಯಾರು ಎಂಬ ಕಲಮು ಮಾತ್ರ ಇನ್ನೂ ಬಾಕಿ. ಹೆಂಗಸರು ಹಿರಿಯರಾಗಬಹುದಾ ಎಂಬ ಪ್ರಶ್ನೆಗೆ ಸಭೆ ಎರಡು ಪಾಲಾಗಿದೆ. ಮತಕ್ಕೆ ಹಾಕಿ ಮುಗಿಸೋಣ ಎಂದು ಒಬ್ಬರು ಅಂದಾಗ ಪಾಸ್ಟರೇ ಬೇಡ ಅಂದರು. ಮೆಣಸಿನಕಾಯಿ ಬಿಡಿಸುವ ಕೆಲಸ ಮುಗಿದ ಮೇಲೆ, ಎಲ್ಲರ ಕೈ ಬಿಡುವಾದಾಗ, ಸತ್ಯವೇದದಲ್ಲಿ ಪೌಲನು ತಿಮೊಥೆಯನಿಗೆ ಬರೆದ ಪತ್ರ ಓದಿಕೊಂಡು ಮತ್ತೆ ಕೂರುತ್ತಾರಂತೆ. ನಾನೂ ಹೋಗುತ್ತೇನೆ.