ಕರುಳು ಮತ್ತೆ ಏಳುವ ಗಳಿಗೆ

ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ ಮರುದಿನದಿಂದಲೇ ವೈದ್ಯರು ಹಾಸಿಗೆಯ ಬಳಿ ಬಂದಾಗಲೆಲ್ಲ ಕೇಳುವ ಪ್ರಶ್ನೆ: "ಗ್ಯಾಸ್ ಹೋಯಿತೇ?" ಹಿರಿಯರಿಗೆ ಉತ್ತರಿಸಲು ಸಂಕೋಚ. ಆದರೆ ಆ ದಿನಗಳಲ್ಲಿ ಮನೆಯವರಿಗೆ ಅದಕ್ಕಿಂತ ಸಿಹಿಸುದ್ದಿ ಬೇರೊಂದಿಲ್ಲ.

ಕತ್ತರಿಸಿ, ಎಳೆದು, ಹೊಲಿದ ಕರುಳಿನ ಗೋಡೆಯಲ್ಲಿ ಉರಿಯೂತ ಹುಟ್ಟುತ್ತದೆ. ಆಹಾರವನ್ನು ಮುಂದಕ್ಕೆ ದೂಡುವ ಅಲೆಯಂಥ ಚಲನೆ ನಿಂತುಬಿಡುತ್ತದೆ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತದೆ. ಜಠರಕ್ಕೆ ಒಂದೆರಡು ದಿನ, ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು. ಆಮೇಲೂ ಹೊಟ್ಟೆ ಉಬ್ಬಿಕೊಂಡೇ ಇದ್ದು ವಾಂತಿಯಾಗುತ್ತಿದ್ದರೆ ಎಚ್ಚರ ಬೇಕು. ವಾಂತಿ ಶ್ವಾಸಕೋಶಕ್ಕೆ ಇಳಿದರೆ ವಯಸ್ಸಾದವರು ನ್ಯುಮೋನಿಯಾಗೆ ತುತ್ತಾಗಬಹುದು.

ಕರುಳನ್ನು ಮಲಗಿಸುವುದರಲ್ಲಿ ಔಷಧಗಳ ಪಾಲೂ ಇದೆ. ಮಾರ್ಫಿನ್ ನೋವನ್ನು ತಣಿಸಲು ಮಿದುಳಿನಲ್ಲಿ ಹಿಡಿಯುವಂಥದೇ ಗ್ರಾಹಕಗಳು, ಅಂದರೆ ಔಷಧ ಅಂಟಿಕೊಳ್ಳುವ ತಾಣಗಳು, ಕರುಳಿನ ನರಗಳಲ್ಲೂ ಇವೆ; ಅಲ್ಲಿ ಅದು ಕರುಳಿನ ಚಲನೆಯನ್ನು ತಗ್ಗಿಸುತ್ತದೆ. ಅತಿಯಾಗಿ ಏರಿಸಿದ ಸಲೈನ್‌ನಿಂದ ಕರುಳಿನ ಗೋಡೆ ಊದಿಕೊಳ್ಳುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದವರಲ್ಲಿ ಪೊಟ್ಯಾಸಿಯಂ ಇಳಿದಿದ್ದರೆ ಕರುಳಿನ ಸ್ನಾಯು ಇನ್ನಷ್ಟು ಸೋಲುತ್ತದೆ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಬೇರೆಯೇ ದಾರಿ ತೋರಿದರು: ಮಾರ್ಫಿನ್ ಕಡಿಮೆ ಮಾಡಿ, ಬೇಗ ಉಣಿಸಿ, ಬೇಗ ನಡೆಸಿ. ವಾರಗಟ್ಟಲೆ ಹಾಸಿಗೆಯೇ ಗತಿ ಎಂಬ ಹಳೆಯ ನಂಬಿಕೆ ಅಲ್ಲಿಂದ ಸಡಿಲವಾಯಿತು.

ನನ್ನನ್ನು ಹೆಚ್ಚು ಕಾಡುವುದು ಹೊಲಿಗೆಯ ಸೋರಿಕೆ: ಕತ್ತರಿಸಿ ಜೋಡಿಸಿದ ಜಾಗ ಬಿಟ್ಟುಕೊಂಡು ಕರುಳಿನೊಳಗಿನದು ಹೊಟ್ಟೆಯೊಳಕ್ಕೆ ಸೋರುವುದು. ಕರುಳಿನ ಎರಡು ತುದಿಗಳು ಕೂಡಿಕೊಳ್ಳಲು ಒಳ್ಳೆಯ ರಕ್ತಸಂಚಾರ ಬೇಕು, ಪ್ರೋಟೀನ್ ಬೇಕು. ಧೂಮಪಾನ, ಸ್ಟೀರಾಯ್ಡ್, ಮೊದಲೇ ಪಡೆದ ವಿಕಿರಣ ಚಿಕಿತ್ಸೆ, ಅಪೌಷ್ಟಿಕತೆ ಎಲ್ಲವೂ ಆ ಬೆಸುಗೆಯನ್ನು ದುರ್ಬಲಗೊಳಿಸುತ್ತವೆ. ಹೊಲಿಗೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. "ಈ ವಯಸ್ಸಿನಲ್ಲಿ ಆಪರೇಷನ್ ಏಕೆ?" ಎಂದು ನೆಂಟರು ಕೇಳುತ್ತಾರೆ. ಕೇಳಬೇಕಾದ್ದು ವಯಸ್ಸನ್ನಷ್ಟೇ ಅಲ್ಲ. ಕೈಯ ಹಿಡಿತ ಗಟ್ಟಿಯಿರುವ, ದಿನವೂ ನಡೆದಾಡುವ ಎಂಬತ್ತರ ಅಜ್ಜ, ಆರು ತಿಂಗಳಲ್ಲಿ ತೂಕ ಕಳೆದುಕೊಂಡು ಕುರ್ಚಿಯಿಂದ ಏಳಲಾರದ ಎಪ್ಪತ್ತರವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳಬಹುದು. ಆಪರೇಷನ್ನಿಗೆ ಕೆಲವು ವಾರ ಸಮಯವಿದ್ದರೆ ಬೀಡಿ ಬಿಡಿಸಿ, ಬೇಳೆ, ಮೊಟ್ಟೆ, ಹಾಲು ಹೆಚ್ಚಿಸಿ, ನಡೆಸುವುದು ಚಿಕಿತ್ಸೆಯ ಭಾಗವೇ.

ಸೋರಿಕೆ ಹಲವೊಮ್ಮೆ ಮೊದಲ ವಾರದ ಕೊನೆಯ ಹೊತ್ತಿಗೆ ಗೊತ್ತಾಗುತ್ತದೆ. ಹಿರಿಯರಲ್ಲಿ ಜ್ವರವಾಗಲಿ, ಜೋರಾದ ಹೊಟ್ಟೆನೋವಾಗಲಿ ಕಾಣದಿರಬಹುದು. ನಾಡಿ ವೇಗವಾಗುವುದು ಅಥವಾ ಮಾತು ತಡವರಿಸುವುದೇ ಮೊದಲ ಸುಳಿವಾಗಬಹುದು. ನಿನ್ನೆ ಸರಿಯಿದ್ದ ಅಜ್ಜಿ ಇಂದು ತಾನೆಲ್ಲಿದ್ದೇನೆಂಬುದನ್ನೇ ಮರೆತರೆ, ಅರಳುಮರಳು ಎಂದು ಸುಮ್ಮನಾಗದೆ ಕೂಡಲೇ ನರ್ಸ್ ಅನ್ನು ಕರೆಯಿರಿ.